ತಿದಿಯಿಂದ ವಿದ್ಯುತ್ ಬೀಸಣಿಗೆಗೆ: ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಮನೆಯ ಕುಲುಮೆಗೆ ಗಾಳಿ ಒದಗಿದ ಬಗೆ

ಕಪಿಲಾ ಕಾವೇರಿಗಳು ಕೂಡುವ ಸೀಮೆಯ ಇತಿಹಾಸವನ್ನು ಕುರಿತು ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ತಲಕಾಡಿನ ಗಂಗರು, ಸೋಮನಾಥಪುರದ ಹೊಯ್ಸಳ ದೇವಾಲಯ, ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿ, ಮಾಧವಮಂತ್ರಿ ಅಣೆಕಟ್ಟು, ದಳವಾಯಿಗಳ ಕಾಲದ ಸೇತುವೆ ಇವೆಲ್ಲವೂ ವಿದ್ಯಾರ್ಥಿಗಳಿಗೆ ಪರಿಚಿತವಾದ ವಿಷಯಗಳೇ ಸರಿ. ಆದರೆ ಈ ದೇವಾಲಯಗಳ ಕಲ್ಲನ್ನು ಕಡೆದ ಉಳಿಯ ಬಾಯನ್ನು ಹದಗೊಳಿಸಿದವರಾರು, ಈ ಕಾಲುವೆಗಳ ಬಯಲನ್ನು ಉತ್ತ ನೇಗಿಲಿನ ಗುಳವನ್ನು ಕಾಸಿ ಬಡಿದವರಾರು ಎಂಬ ಪ್ರಶ್ನೆಗೆ ನಮ್ಮ ಗ್ರಂಥಗಳಲ್ಲಿ ದೊರೆಯುವ ಉತ್ತರ ಅತ್ಯಲ್ಪ. ಊರಿಗೊಂದರಂತೆ ಇದ್ದ ಕುಲುಮೆಯು ಇತಿಹಾಸಕಾರರ ಕಣ್ಣಿಗೆ ಬಿದ್ದುದು ಅಪರೂಪ. ಆ ಕುಲುಮೆಯ ಪ್ರಾಣವಾದ ಗಾಳಿಯ ವಿಷಯವಂತೂ ಯಾರ ಲೇಖನಿಗೂ ವಸ್ತುವಾದಂತೆ ಕಾಣದು.

ಪ್ರಕೃತ ಲೇಖನದ ಉದ್ದೇಶ ಪರಿಮಿತವಾದುದು. ಮನೆಯ ಅಂಗಳದಲ್ಲಿಯೋ ಜಗಲಿಯಲ್ಲಿಯೋ ಇದ್ದ ಸಣ್ಣ ಕುಲುಮೆಗೆ ಗಾಳಿಯನ್ನು ಒದಗಿಸುವ ಸಾಧನವು ಚರ್ಮದ ತಿದಿಯಿಂದ ಕೈಚಕ್ರದ ಬೀಸಣಿಗೆಗೂ, ಅಲ್ಲಿಂದ ತಂತಿಗೆ ಜೋಡಿಸಿದ ವಿದ್ಯುತ್ ಬೀಸಣಿಗೆಗೂ ಬದಲಾದ ಕ್ರಮವನ್ನು ಗುರುತಿಸುವುದು ಇದರ ಮೊದಲ ಕೆಲಸ. ಆ ಬದಲಾವಣೆಯಿಂದ ಯಾರ ದುಡಿಮೆ ಹಗುರವಾಯಿತು, ಯಾರ ದುಡಿಮೆ ಮರೆಯಾಯಿತು ಎಂಬುದನ್ನು ವಿಚಾರಿಸುವುದು ಎರಡನೆಯ ಕೆಲಸ. ಮೇಲುನೋಟಕ್ಕೆ ಇದು ಕ್ಷುಲ್ಲಕವಾದ ವಿಷಯವೆಂದು ತೋರಬಹುದು. ಹಾಗಲ್ಲವೆಂಬುದು ಮುಂದೆ ವಿಶದವಾಗುತ್ತದೆಂದು ನಂಬಿದ್ದೇವೆ.

1

ಮೊದಲು ಬೆಂಕಿಗೂ ಗಾಳಿಗೂ ಇರುವ ಸಂಬಂಧವನ್ನು ಸ್ವಲ್ಪದರಲ್ಲಿ ತಿಳಿದುಕೊಳ್ಳುವುದು ಅವಶ್ಯಕ. ಒಂದು ಕಿಲೋಗ್ರಾಂ ಇಂಗಾಲವು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 11.5 ಕಿಲೋಗ್ರಾಂ ಗಾಳಿ ಬೇಕು. ಘನ ಅಳತೆಯಲ್ಲಿ ಹೇಳುವುದಾದರೆ ಅದು 9ರಿಂದ 10 ಘನಮೀಟರಿನಷ್ಟಾಗುತ್ತದೆ. ಎಂದರೆ ಕಮ್ಮಾರನು ಒಂದು ಬುಟ್ಟಿ ಇದ್ದಲನ್ನು ಸುಡುವಾಗ, ತೂಕದಲ್ಲಿ ಇದ್ದಲಿಗಿಂತ ಹತ್ತು ಪಾಲು ಹೆಚ್ಚಿನ ಗಾಳಿಯನ್ನು ಕುಲುಮೆಗೆ ತುಂಬಬೇಕು. ಬಯಲಿನಲ್ಲಿ ಇಟ್ಟ ಬೆಂಕಿಗೆ ಈ ಗಾಳಿ ತಾನಾಗಿ ಬರುತ್ತದೆಯಾದರೂ ನಿಧಾನವಾಗಿ ಬರುತ್ತದೆ. ಆದುದರಿಂದ ಕಾವು ಏರುವುದಿಲ್ಲ. ಮಡಕೆ ಸುಡಲು ಅಷ್ಟು ಕಾವು ಸಾಕು. ಚಿನ್ನ ಕರಗಲು 1064 ಡಿಗ್ರಿ, ತಾಮ್ರ ಕರಗಲು ಸುಮಾರು 1085 ಡಿಗ್ರಿ ಸೆಂಟಿಗ್ರೇಡ್ ಬೇಕು. ಕಬ್ಬಿಣದ ಎರಡು ತುಂಡುಗಳು ಬಡಿತಕ್ಕೆ ಬೆಸೆದುಕೊಳ್ಳಬೇಕಾದರೆ ಕಾವು ಸುಮಾರು 1300 ಡಿಗ್ರಿಯ ಬಿಳುಪಿಗೆ ಏರಬೇಕು. ಬಲವಂತವಾಗಿ ಗಾಳಿಯನ್ನು ನೂಕದೆ ಸಣ್ಣ ಕುಲುಮೆಯಲ್ಲಿ ಈ ಹದ ದೊರೆಯದು.

ಇಷ್ಟೇ ಅಲ್ಲ. ಗಾಳಿ ಕಡಿಮೆಯಾದರೆ ಕಬ್ಬಿಣ ಕಾಯುವುದಿಲ್ಲ. ಹೆಚ್ಚಾದರೆ ಕಾದ ಕಬ್ಬಿಣವೇ ಕಿಡಿಗಾರುತ್ತಾ ಉರಿದುಹೋಗುತ್ತದೆ. ಆದುದರಿಂದ ಕುಲುಮೆಯ ವಿದ್ಯೆ ಎಂಬುದು ಬಹುಮಟ್ಟಿಗೆ ಗಾಳಿಯನ್ನು ಬೇಕಾದಾಗ ಬೇಕಾದಷ್ಟು ಕೊಡುವ ವಿದ್ಯೆ. ಸುತ್ತಿಗೆಯ ಪೆಟ್ಟು ಎಲ್ಲರಿಗೂ ಕೇಳಿಸುತ್ತದೆ. ತಿದಿಯ ಉಸಿರನ್ನು ಗಮನಿಸುವವರು ಕೆಲವರು. ಕೆಲಸದ ಯಶಸ್ಸು ಮಾತ್ರ ಎರಡನ್ನೂ ಅವಲಂಬಿಸಿದೆ.

2

ನಮ್ಮ ಸೀಮೆಯಲ್ಲಿ ಮನುಷ್ಯವಾಸ ಲೋಹಕ್ಕಿಂತ ಹಳೆಯದು. ತಿರುಮಕೂಡಲು ನರಸೀಪುರದಲ್ಲಿ ನಡೆದ ಉತ್ಖನನಗಳ ವರದಿಯನ್ನು ಎಂ. ಶೇಷಾದ್ರಿಯವರು 1971ರಲ್ಲಿ ಪ್ರಕಟಿಸಿದರು. ಅಲ್ಲಿ ದೊರೆತ ನವಶಿಲಾಯುಗದ ಸಮಾಧಿಗಳೂ, ಸುಟ್ಟ ಮಣ್ಣಿನ ತಲೆಯಾನಿಕೆಗಳೂ ದಕ್ಷಿಣ ಭಾರತದ ಪ್ರಾಗಿತಿಹಾಸದಲ್ಲಿ ಹೆಸರಾಗಿವೆ. ತಲಕಾಡಿನ ಸಮೀಪದ ಹೆಮ್ಮಿಗೆಯಲ್ಲಿಯೂ ಅಂತಹ ತಲೆಯಾನಿಕೆಗಳು ದೊರೆತಿವೆ. ಆ ಜನರು ಮಣ್ಣನ್ನು ಸುಡಬಲ್ಲವರಾಗಿದ್ದರು. ಅವರ ಮುಖ್ಯ ಆಯುಧ ಕಲ್ಲಿನದು. ಕರ್ನಾಟಕದಲ್ಲಿ ಕಬ್ಬಿಣದ ಬಳಕೆ ಎಷ್ಟು ಹಳೆಯದೆಂಬುದಕ್ಕೆ ತುಂಗಭದ್ರಾ ತೀರದ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನವು ಆಧಾರವನ್ನೊದಗಿಸಿತು. ಅಲ್ಲಿನ ಇಂಗಾಲದ ಕಾಲನಿರ್ಣಯದಂತೆ ಕ್ರಿಸ್ತಪೂರ್ವ 1000ದ ಸುಮಾರಿಗೆ ಕಬ್ಬಿಣ ನಮ್ಮಲ್ಲಿ ಬಳಕೆಗೆ ಬಂದಿದ್ದಿತು. ಕಬ್ಬಿಣವಿದ್ದಲ್ಲಿ ಗಾಳಿಯೂದುವ ಉಪಾಯವೂ ಇರಲೇಬೇಕು. ಚರ್ಮವು ಮಣ್ಣಿನಲ್ಲಿ ಉಳಿಯುವ ವಸ್ತುವಲ್ಲವಾದುದರಿಂದ ಹಳೆಯ ತಿದಿಗಳು ನಮಗೆ ದೊರೆತಿಲ್ಲ. ಗಾಳಿಯನ್ನು ಒಯ್ಯುತ್ತಿದ್ದ ಮಣ್ಣಿನ ಊದುನಳಿಕೆಗಳೇ ಪುರಾತತ್ತ್ವಜ್ಞರಿಗೆ ಸಿಕ್ಕುವ ಸಾಕ್ಷ್ಯ.

ಶಾಸನಗಳ ಕಡೆಗೆ ನೋಡೋಣ. ಬಿ. ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳೆರಡರ ಶಾಸನಗಳೂ ಸೇರಿವೆ. ದೇಶದ ಬೇರೆ ಕಡೆಗಳ ಶಾಸನಗಳಲ್ಲಿರುವಂತೆ ಇಲ್ಲಿಯೂ ನಮಗೆ ಮುಖ್ಯವಾಗಿ ಕಾಣುವುದು ದಾನ, ದತ್ತಿ, ಗಡಿ, ತೆರಿಗೆ, ವೀರಮರಣ. ಕುಶಲಕರ್ಮಿಯು ಶಾಸನದಲ್ಲಿ ಕಾಣಿಸಿಕೊಳ್ಳುವುದು ತೆರಿಗೆ ತೆರುವವನಾಗಿ, ಇಲ್ಲವೆ ಕಲ್ಲನ್ನು ಬರೆದ ರೂವಾರಿಯಾಗಿ. ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗರೆಂಬ ಪಂಚಾಳರ ಸಮುದಾಯದ ಗೌರವ ಶಾಸನಗಳಲ್ಲಿ ಸಾಕಷ್ಟು ವ್ಯಕ್ತವಾಗಿದೆ. ಅವರ ಒಲೆಯ ಬದಿಯಲ್ಲಿ ಕುಳಿತು ತಿದಿಯೊತ್ತಿದವರ ಹೆಸರು ಮಾತ್ರ ಕಲ್ಲಿಗೆ ಏರಲಿಲ್ಲ. ಶಾಸನವು ಆಸ್ತಿಯ ದಾಖಲೆ, ಉಸಿರು ಆಸ್ತಿಯಲ್ಲ.

ಶಬ್ದಗಳ ಸಾಕ್ಷ್ಯ ಇದಕ್ಕಿಂತ ಉದಾರವಾಗಿದೆ. ತಿದಿ, ಕುಲುಮೆ, ಅಡಿಗಲ್ಲು, ಮೂಸೆ, ಊದುಗೊಳವೆ ಮೊದಲಾದ ಮಾತುಗಳು ಕನ್ನಡದಲ್ಲಿ ಬೇರೂರಿವೆ. ‘ಉಕ್ಕು’ ಎಂಬ ನಮ್ಮ ಮಾತೇ ವಿಕಾರಗೊಂಡು ‘ವುಟ್ಜ್’ ಎಂಬ ಹೆಸರಿನಿಂದ ಯೂರೋಪಿನ ವಿಜ್ಞಾನಿಗಳನ್ನು ಮುಟ್ಟಿತೆಂಬ ಅಭಿಪ್ರಾಯ ಪ್ರಸಿದ್ಧವಾದುದು. 1795ರಲ್ಲಿ ಜಾರ್ಜ್ ಪಿಯರ್ಸನ್ನನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಉಕ್ಕನ್ನು ಕುರಿತು ಪ್ರಬಂಧವನ್ನು ಮಂಡಿಸಿದನು. ಯೋಗಶಾಸ್ತ್ರದ ಭಸ್ತ್ರಿಕಾ ಪ್ರಾಣಾಯಾಮಕ್ಕೆ ಹೆಸರು ಬಂದುದೂ ಸಂಸ್ಕೃತದ ‘ಭಸ್ತ್ರಾ’, ಎಂದರೆ ತಿದಿಯಿಂದಲೇ. ದೇಹದ ಉಸಿರಾಟವನ್ನು ವರ್ಣಿಸಲು ಕುಲುಮೆಯ ಉಪಕರಣವು ಉಪಮಾನವಾಯಿತೆಂದ ಮೇಲೆ, ಆ ಉಪಕರಣವು ಜನಜೀವನದಲ್ಲಿ ಎಷ್ಟು ಪರಿಚಿತವಾಗಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

3

ಈ ಸೀಮೆಯ ಆರ್ಥಿಕ ಜೀವನವನ್ನು ಕಣ್ಣಾರೆ ಕಂಡು ವಿವರವಾಗಿ ಬರೆದವರಲ್ಲಿ ಫ್ರಾನ್ಸಿಸ್ ಬುಕಾನನ್ನನು ಪ್ರಮುಖನು. ಟಿಪ್ಪುಸುಲ್ತಾನನ ಪತನವಾದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಅವನು ಮದರಾಸಿನಿಂದ ಹೊರಟನು. ಅವನ ಪ್ರವಾಸಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಕಾವೇರಿಯ ದಕ್ಷಿಣದ ಪ್ರದೇಶದಲ್ಲಿ ಸಂಚರಿಸುವಾಗ ಅವನು ನಂಜನಗೂಡನ್ನೂ ನರಸೀಪುರವನ್ನೂ ಹಾದುಹೋದನು. ಆದರೆ ಕಬ್ಬಿಣದ ತಯಾರಿಕೆಯನ್ನು ಅವನು ಸವಿಸ್ತಾರವಾಗಿ ವರ್ಣಿಸಿದುದು ಈ ಎರಡು ಊರುಗಳ ಸಂಬಂಧದಲ್ಲಿ ಅಲ್ಲ. ಮಾಗಡಿ, ಮಧುಗಿರಿ, ಚಿನ್ನರಾಯನದುರ್ಗಗಳ ಕಡೆಯ ಸಂಬಂಧದಲ್ಲಿ. ಮಳೆಗಾಲದ ತೊರೆಗಳಲ್ಲಿ ಹರಿದುಬಂದ ಕಪ್ಪು ಮರಳನ್ನು ತೊಳೆದು, ಇದ್ದಲಿನೊಡನೆ ಕುಲುಮೆಗೆ ಹಾಕಿ, ಚರ್ಮದ ತಿದಿಗಳಿಂದ ಊದಿ ಕಬ್ಬಿಣ ತೆಗೆಯುವ ಕ್ರಮವನ್ನು ಅವನು ದಾಖಲಿಸಿದ್ದಾನೆ. ಉಕ್ಕು ಮಾಡುವಲ್ಲಿ ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಮುಚ್ಚುತ್ತಿದ್ದರು. ಊದುವವರನ್ನು ಬೆಂಕಿಯ ಝಳದಿಂದ ಕಾಪಾಡಲು ನಡುವೆ ಮಣ್ಣಿನ ಗೋಡೆಯನ್ನು ಕಟ್ಟುತ್ತಿದ್ದರು. ಗಾಳಿ ಕೊಡುವವನಿಗೆ ಗೋಡೆಯ ಆಚೆಗೆ ಬೇರೆಯಾದ ಸ್ಥಾನವಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ. ಅವನು ಬೆಂಕಿಯನ್ನು ಕಾಣದೆ ಬೆಂಕಿಯನ್ನು ಆಳುವವನು.

ಹಾಗಾದರೆ ನಮ್ಮ ಎರಡು ತಾಲ್ಲೂಕುಗಳ ಸ್ಥಿತಿ ಯಾವ ಬಗೆಯದು? ಹಿಂದಿನ ಗ್ಯಾಸೆಟಿಯರುಗಳಲ್ಲಿ ಅದುರಿನಿಂದ ಕಬ್ಬಿಣ ತೆಗೆಯುತ್ತಿದ್ದ ತಾಲ್ಲೂಕುಗಳೆಂದು ಹೆಸರಿಸಿರುವುವು ಮಾಗಡಿ, ಚಿಕ್ಕನಾಯಕನಹಳ್ಳಿ, ಮಳವಳ್ಳಿ, ಹೆಗ್ಗಡದೇವನಕೋಟೆ, ಅರಸೀಕೆರೆ. ಈ ಪಟ್ಟಿಯಲ್ಲಿ ನಂಜನಗೂಡೂ ಇಲ್ಲ, ನರಸೀಪುರವೂ ಇಲ್ಲ. ಆದರೆ ಮಳವಳ್ಳಿಯು ನರಸೀಪುರಕ್ಕೆ ನೆರೆಯ ತಾಲ್ಲೂಕು. ಹೆಗ್ಗಡದೇವನಕೋಟೆಯು ನಂಜನಗೂಡಿಗೆ ನೆರೆಯ ತಾಲ್ಲೂಕು. ನಮ್ಮ ಸೀಮೆಯು ಪೂರ್ವ ಪಶ್ಚಿಮಗಳೆರಡರಲ್ಲಿಯೂ ಕಬ್ಬಿಣ ತೆಗೆಯುವ ನೆಲಗಳ ನಡುವೆ ಇದ್ದು, ತಾನು ಮಾತ್ರ ಕಬ್ಬಿಣವನ್ನು ಬಳಸುವ ನೆಲವಾಗಿದ್ದಿತೆಂದು ಊಹಿಸಲವಕಾಶವುಂಟು. ಇಲ್ಲಿನ ಕುಲುಮೆಯು ಅದುರನ್ನು ಕರಗಿಸುವ ದೊಡ್ಡ ಕುಲುಮೆಯಲ್ಲ. ಬಂದ ಕಬ್ಬಿಣವನ್ನು ಕಾಸಿ ಗುಳ, ಕುಡುಗೋಲು, ಮಚ್ಚು, ಗುದ್ದಲಿ, ಉಳಿಗಳನ್ನು ಮಾಡುವ ಮನೆಯ ಕುಲುಮೆ. ಆದುದರಿಂದಲೇ ಅದು ಪ್ರವಾಸಿಗನ ಗಮನಕ್ಕೆ ಬೀಳಲಿಲ್ಲ. ದೊಡ್ಡ ಕುಲುಮೆಯು ಕಾಡಿನಂಚಿನಲ್ಲಿ ಋತುಮಾನಕ್ಕೆ ಹೊತ್ತಿ ಆರುತ್ತಿದ್ದಿತು. ಮನೆಯ ಕುಲುಮೆಯು ಒಕ್ಕಲುತನದ ಜೊತೆಗೆ ವರ್ಷವಿಡೀ ಉಸಿರಾಡುತ್ತಿದ್ದಿತು.

ಆ ಕುಲುಮೆಯ ಸಂಬಳ ಕಣದಲ್ಲಿ ಸಂದಾಯವಾಗುತ್ತಿದ್ದಿತು. ಬೆಳೆಯ ರಾಶಿಯಲ್ಲಿ ಕಮ್ಮಾರನಿಗೂ ಇತರ ಆಯಗಾರರಿಗೂ ಪಾಲು ಸಲ್ಲುತ್ತಿದ್ದುದನ್ನು ಬುಕಾನನ್ನನೂ ಗುರುತಿಸಿದ್ದಾನೆ. ಈ ಪಾಲು ಕಮ್ಮಾರನ ಮನೆಗೆ ಸಲ್ಲುತ್ತಿದ್ದಿತೇ ಹೊರತು ದುಡಿದ ಒಬ್ಬೊಬ್ಬರಿಗೆ ಅಲ್ಲ. ಸಾಮಾನ್ಯವಾಗಿ ತಿದಿಯೊತ್ತುತ್ತಿದ್ದವರು ಮನೆಯ ಹೆಂಗಸರು, ಮಕ್ಕಳು, ಇಲ್ಲವೆ ವೃದ್ಧರು. ಜೋಡಿ ತಿದಿಗಳಲ್ಲಿ ಒಂದನ್ನು ಎತ್ತುವಾಗ ಇನ್ನೊಂದನ್ನು ಒತ್ತಿ, ಗಾಳಿಯ ಧಾರೆ ಕಡಿಯದಂತೆ ನೋಡಿಕೊಳ್ಳಬೇಕು. ಕಬ್ಬಿಣದ ಬಣ್ಣ ಕೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಹಳದಿಗೆ ತಿರುಗುವುದನ್ನು ಗಮನಿಸಿ ವೇಗವನ್ನು ಹೆಚ್ಚಿಸಬೇಕು, ತಗ್ಗಿಸಬೇಕು. ಇದು ಬರಿಯ ಬಲದ ಕೆಲಸವಲ್ಲ. ಕಣ್ಣಿನ ಕೆಲಸ, ಕಿವಿಯ ಕೆಲಸ.

4

ಗಾಳಿಯನ್ನು ಮನುಷ್ಯಬಲದಿಂದಲ್ಲದೆ ಬೇರೆ ಬಲದಿಂದ ಊದಿಸುವ ಯತ್ನ ಲೋಕದಲ್ಲಿ ಹಳೆಯದು. ಚೀನ ದೇಶದಲ್ಲಿ ಕ್ರಿಸ್ತಶಕ 31ರಲ್ಲಿಯೇ ದು ಷಿ ಎಂಬ ಅಧಿಕಾರಿಯು ನೀರಿನ ಚಕ್ರದಿಂದ ತಿದಿಯನ್ನು ನಡೆಸಿದನು. 1556ರಲ್ಲಿ ಪ್ರಕಟವಾದ ಅಗ್ರಿಕೋಲನ ಗ್ರಂಥದಲ್ಲಿ ಯೂರೋಪಿನ ನೀರುಚಕ್ರದ ತಿದಿಗಳ ಚಿತ್ರಗಳಿವೆ. 1776ರಲ್ಲಿ ವಾಟ್‌ನ ಉಗಿಯಂತ್ರವು ಇಂಗ್ಲೆಂಡಿನ ವಿಲ್ಕಿನ್‌ಸನ್ನನ ಊದುಕುಲುಮೆಗೆ ಗಾಳಿಯೂದಿತು. 1828ರಲ್ಲಿ ಸ್ಕಾಟ್ಲೆಂಡಿನ ನೀಲ್ಸನ್ನನು ಕಾಸಿದ ಗಾಳಿಯನ್ನೂದುವ ಪದ್ಧತಿಗೆ ಹಕ್ಕುಪತ್ರ ಪಡೆದನು. ಹೀಗೆ ಗಾಳಿಯ ಬಲ ಹೆಚ್ಚಿದಂತೆಲ್ಲ ಕಬ್ಬಿಣದ ಬೆಲೆ ಇಳಿಯಿತು. ಹಾಗೆ ಅಗ್ಗವಾದ ಕಬ್ಬಿಣವೇ ಹಡಗು ರೈಲುಗಳ ಮೂಲಕ ನಮ್ಮ ದೇಶಕ್ಕೂ ಬಂದಿತು.

ಮೈಸೂರಿನಿಂದ ನಂಜನಗೂಡಿಗೆ ರೈಲುಮಾರ್ಗವು 1891ರಲ್ಲಿ ತೆರೆಯಿತು. ಈ ಸೀಮೆಯ ಜನ ಬಲವಂತದ ಗಾಳಿಯಿಂದ ಉರಿಯುವ ಯಂತ್ರದೊಲೆಯನ್ನು ದಿನನಿತ್ಯ ಕಾಣುವಂತಾದುದು ಬಹುಶಃ ಆಗಲೇ. ಉಗಿಬಂಡಿಯಲ್ಲಿ ಸಿಲಿಂಡರಿನಿಂದ ಹೊರಬಂದ ಉಗಿಯು ಹೊಗೆಕೊಳವೆಯ ಮೂಲಕ ಚಿಮ್ಮುವಾಗ ಒಲೆಯ ಗಾಳಿಯನ್ನು ತಾನೇ ಸೆಳೆದುಕೊಳ್ಳುತ್ತದೆ. ಬಂಡಿ ಹೆಚ್ಚು ದುಡಿದಷ್ಟೂ ಬೆಂಕಿಗೆ ಹೆಚ್ಚು ಗಾಳಿ. ಆದರೆ ಆ ರೈಲಿನಿಂದ ಕಮ್ಮಾರನಿಗೆ ದೊರೆತುದು ಹೊಸ ಬಗೆಯ ಗಾಳಿಯಲ್ಲ, ಹೊರಗಿನ ಕಬ್ಬಿಣದ ಪಟ್ಟಿ ಸಲಾಕೆಗಳು. ಕಾಡಿನಂಚಿನ ದೊಡ್ಡ ಕುಲುಮೆಗಳು ಆರತೊಡಗಿದುವು. 1900ರ ಮೈಸೂರು ಅರಣ್ಯ ರೆಗ್ಯುಲೇಷನ್ನಿನ ತರುವಾಯ ಇದ್ದಲಿಗಾಗಿ ಮರ ಕಡಿಯುವುದೂ ನಿಯಮಗಳಿಗೆ ಒಳಪಟ್ಟಿತು. ಮನೆಯ ಕುಲುಮೆ ಮಾತ್ರ ಉಳಿಯಿತು. ಅಗ್ಗದ ಕಬ್ಬಿಣ ಬಂದುದರಿಂದ ಅದರ ಕೆಲಸ ಹೆಚ್ಚಿತೆಂದೇ ಹೇಳಬೇಕು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಕೆಲಸವನ್ನೇ ನೋಡಬಹುದು. ಪಟ್ಟಿಯನ್ನು ಹಿಗ್ಗಿಸಲು ಬೆರಣಿಯ ಬಯಲು ಬೆಂಕಿ ಸಾಕು. ಅದರ ಎರಡು ತುದಿಗಳನ್ನು ಬೆಸೆಯಲು ಮಾತ್ರ ಕುಲುಮೆಯೂ ತಿದಿಯೂ ಬೇಕೇ ಬೇಕು.

5

ಈಗ ವಿದ್ಯುತ್ತಿನ ವಿಷಯ. ಮೈಸೂರು ಸಂಸ್ಥಾನವು ವಿದ್ಯುಚ್ಛಕ್ತಿಯಲ್ಲಿ ಭಾರತಕ್ಕೇ ಮಾರ್ಗದರ್ಶಕವಾಗಿದ್ದಿತೆಂದು ನಾವೆಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಶಿವನಸಮುದ್ರದ ವಿದ್ಯುದಾಗಾರವು 1902ರ ಜೂನ್ 30ರಂದು ಕೆಲಸವನ್ನಾರಂಭಿಸಿತು. ಅಲ್ಲಿನ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳೂ, 1908ರಲ್ಲಿ ಮೈಸೂರು ನಗರವೂ ಬೆಳಗಿದುವು. ಇದೆಲ್ಲವೂ ನಿಜ. ಆದರೆ ಈ ಹೆಮ್ಮೆಯಿಂದ ಒಂದು ತಪ್ಪು ತೀರ್ಮಾನಕ್ಕೆ ಎಡೆಯಾಗಿದೆಯೆಂದು ನಮಗೆ ತೋರುತ್ತದೆ: ವಿದ್ಯುತ್ತು ಬೇಗ ಬಂದುದರಿಂದ ನಮ್ಮ ಗ್ರಾಮ ಕೈಗಾರಿಕೆಗಳೂ ಬೇಗನೆ ಅದರ ಪ್ರಯೋಜನ ಪಡೆದುವೆಂಬ ತೀರ್ಮಾನ.

ಭೂಪಟವನ್ನು ನೋಡಿದರೆ ತಿರುಮಕೂಡಲು ನರಸೀಪುರದಿಂದ ಶಿವನಸಮುದ್ರವು ನೇರ ಗೆರೆಯಲ್ಲಿ ಸುಮಾರು 30 ಕಿಲೋಮೀಟರು. ಎರಡು ತಾಲ್ಲೂಕುಗಳ ನೀರು ಒಂದಾಗಿ ಹರಿದು ಧುಮುಕುವುದು ಆ ಜಲಪಾತದಲ್ಲಿಯೇ. ಆದರೂ ವಿದ್ಯುತ್ತು ನೂರ ನಲವತ್ತೇಳು ಕಿಲೋಮೀಟರು ದೂರಕ್ಕೆ ಮೊದಲು ಹೋಯಿತು. ಮೂವತ್ತು ಕಿಲೋಮೀಟರು ದೂರದ ಹಳ್ಳಿಗಳಿಗೆ ಬಹುಕಾಲ ಬರಲಿಲ್ಲ. ಗಣಿಯು ಬೆಲೆ ಕೊಡಬಲ್ಲ ದೊಡ್ಡ ಗಿರಾಕಿ, ಹಳ್ಳಿಯ ಕುಲುಮೆ ಅಂತಹುದಲ್ಲ ಎಂಬುದೇ ಇದಕ್ಕೆ ಕಾರಣ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸವನ್ನಾರಂಭಿಸಿ, ಇದ್ದಲಿನ ಊದುಕುಲುಮೆಗೆ ಯಂತ್ರದ ಗಾಳಿ ನುಗ್ಗಿದಾಗಲೂ ನಮ್ಮ ಸೀಮೆಯ ಮನೆಯ ಕುಲುಮೆಯು ಕೈಬಲವನ್ನೇ ನಂಬಿದ್ದಿತೆಂದು ಭಾವಿಸಬೇಕಾಗಿದೆ.

ಇನ್ನೊಂದು ತಾಂತ್ರಿಕ ಅಂಶವೂ ಇಲ್ಲಿ ಗಮನಾರ್ಹ. ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದು, ಈಗಿನದು 50. ಸಾಮಾನ್ಯ ಇಂಡಕ್ಷನ್ ಮೋಟಾರು 25 ಆವರ್ತದಲ್ಲಿ ನಿಮಿಷಕ್ಕೆ 1500 ಸುತ್ತನ್ನು ಮೀರಲಾರದು. 50ರಲ್ಲಿ 3000ದ ಹತ್ತಿರಕ್ಕೆ ಹೋಗಬಲ್ಲದು. ಬೀಸಣಿಗೆಯ ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾದುದು. ವೇಗ ಅರ್ಧವಾದರೆ ಒತ್ತಡ ಕಾಲುಭಾಗವಾಗುತ್ತದೆ. ಆದುದರಿಂದ ಮೋಟಾರಿಗೆ ನೇರವಾಗಿ ಜೋಡಿಸಿದ ಸಣ್ಣ ಬೀಸಣಿಗೆಯು ಆ ಹಳೆಯ ವಿದ್ಯುತ್ತಿನಲ್ಲಿ ಕುಲುಮೆಗೆ ಸಾಲುವಷ್ಟು ಗಾಳಿಯನ್ನು ಕೊಡುವುದು ಕಷ್ಟ. ಪಟ್ಟಿ ಗಾಲಿಗಳಿಂದ ವೇಗವನ್ನು ಹೆಚ್ಚಿಸಬೇಕಾಗುತ್ತಿದ್ದಿತು. ಈ ನಡುವಿನ ಕಾಲದಲ್ಲಿ ಕೈಚಕ್ರದ ಬೀಸಣಿಗೆ ಜನಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲಿ ದೊಡ್ಡ ಗಾಲಿಯನ್ನು ಕೈಯಿಂದ ತಿರುಗಿಸಿದರೆ ಒಳಗಿನ ಸಣ್ಣ ರೆಕ್ಕೆಗಾಲಿ ಅನೇಕ ಪಟ್ಟು ವೇಗವಾಗಿ ಸುತ್ತುತ್ತದೆ. ಚರ್ಮ ಹರಿಯುವ ತೊಂದರೆಯಿಲ್ಲ; ಗಾಳಿಯ ಧಾರೆಯೂ ಒಂದೇ ಸಮ. ಆದರೆ ತಿರುಗಿಸುವ ಕೈ ಮಾತ್ರ ಹಿಂದಿನದೇ.

1948ರಲ್ಲಿ ಜೋಗದ ವಿದ್ಯುದಾಗಾರ, 1957ರಲ್ಲಿ ರಾಜ್ಯ ವಿದ್ಯುಚ್ಛಕ್ತಿ ಮಂಡಲಿ, 1965ರ ಸುಮಾರಿನಲ್ಲಿ ಶರಾವತಿ, 1969ರಲ್ಲಿ ಕೇಂದ್ರದ ಗ್ರಾಮೀಣ ವಿದ್ಯುದೀಕರಣ ನಿಗಮ ಈ ಕ್ರಮದಲ್ಲಿ ತಂತಿಯು ಹಳ್ಳಿಗಳ ಕಡೆಗೆ ನಡೆಯಿತು. ಅದು ಬಂದುದು ಮುಖ್ಯವಾಗಿ ಎರಡು ಕಾರಣಗಳಿಗಾಗಿ: ನೀರೆತ್ತುವ ಪಂಪು, ಮನೆಯ ದೀಪ. ಬಡವರ ಮನೆಗಳಿಗಾಗಿ ಬಂದ ಭಾಗ್ಯಜ್ಯೋತಿ ಯೋಜನೆಯು ಒಂದು ದೀಪದ ಮಿತಿಯದಾಗಿದ್ದಿತು. ಕಮ್ಮಾರನ ಮನೆಗೆ ಬೆಳಕು ಬಂದರೂ ಕುಲುಮೆಗೆ ಗಾಳಿ ಬರಲಿಲ್ಲ. ದುಡಿಮೆಗಾಗಿ ತಂತಿಯೆಳೆಯುವ ಯೋಚನೆಯು ಬೆಳಕಿಗಾಗಿ ತಂತಿಯೆಳೆಯುವ ಯೋಚನೆಗಿಂತ ಹಿಂದೆ ಉಳಿಯಿತು.

6

ಕುಲುಮೆಗೆ ವಿದ್ಯುತ್ ಬೀಸಣಿಗೆಯನ್ನು ಜೋಡಿಸುವ ಕ್ರಮವು ನೋಡಲು ಸುಲಭ. ಅರ್ಧ ಅಶ್ವಶಕ್ತಿಗೂ ಕಡಿಮೆಯ ಮೋಟಾರು, ಅದರ ಅಕ್ಷಕ್ಕೆ ರೆಕ್ಕೆಗಾಲಿ, ಅದನ್ನು ಮುಚ್ಚಿದ ಬಸವನಹುಳುವಿನಾಕಾರದ ತಗಡು, ಅಲ್ಲಿಂದ ಕುಲುಮೆಯ ತಳಕ್ಕೆ ಕೊಳವೆ. ಫೇಸು, ನ್ಯೂಟ್ರಲು, ಅರ್ತು ಎಂಬ ಮೂರು ತಂತಿಗಳು, ಒಂದು ಫ್ಯೂಸು, ಒಂದು ಸ್ವಿಚ್ಚು, ಒಂದು ರೆಗ್ಯುಲೇಟರು. ಆರೋಗ್ಯವಂತನಾದ ಮನುಷ್ಯನು ದೀರ್ಘಕಾಲ ಎಡೆಬಿಡದೆ ಕೊಡಬಲ್ಲ ಶಕ್ತಿ ಸುಮಾರು 75 ವಾಟು, ಎಂದರೆ ಒಂದು ಅಶ್ವಶಕ್ತಿಯ ಹತ್ತನೆಯ ಒಂದು ಭಾಗ. ಆದುದರಿಂದ ಈ ಚಿಕ್ಕ ಮೋಟಾರು ಒಬ್ಬಿಬ್ಬರು ತಿದಿಯೊತ್ತುವವರ ಕೆಲಸವನ್ನು ಆಯಾಸವಿಲ್ಲದೆ ಮಾಡುತ್ತದೆ.

ಆದರೆ ಬಲ ದೊರೆತಷ್ಟು ಸುಲಭವಾಗಿ ವಿವೇಕ ದೊರೆಯದು. ತಿದಿಯೊತ್ತುವವರು ಕಬ್ಬಿಣದ ಬಣ್ಣವನ್ನು ನೋಡಿ ತಾವಾಗಿ ನಿಲ್ಲಿಸುತ್ತಿದ್ದರು, ಮೋಟಾರು ನಿಲ್ಲಿಸದು. ಆದುದರಿಂದ ಸ್ವಿಚ್ಚು ಕಮ್ಮಾರನು ಕುಳಿತಲ್ಲಿಂದಲೇ, ಬೆಂಕಿಯ ಮೇಲೆ ಕೈ ಹಾಯಿಸದೆ ನಿಲುಕುವಂತಿರಬೇಕು. ಗಾಳಿಯನ್ನು ತಗ್ಗಿಸಲು ಕೊಳವೆಯಲ್ಲಿ ತಗಡಿನ ಕದವೊಂದಿದ್ದರೆ ಒಳ್ಳೆಯದು. ಈ ಬಗೆಯ ಬೀಸಣಿಗೆಯಲ್ಲಿ ಕದವನ್ನು ಮುಚ್ಚಿದಂತೆ ಮೋಟಾರಿನ ಹೊರೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಇನ್ನೊಂದು ಅಪಾಯವನ್ನೂ ನೆನೆಯಬೇಕು. ವಿದ್ಯುತ್ತು ಹಠಾತ್ತಾಗಿ ನಿಂತರೆ ಅರೆಬೆಂದ ಇದ್ದಲಿನ ವಿಷಾನಿಲವು ಕೊಳವೆಯೊಳಕ್ಕೆ ಹಿಂದಕ್ಕೆ ಸರಿದು ತುಂಬಬಹುದು. ವಿದ್ಯುತ್ತು ಮರಳಿ ಬಂದೊಡನೆ ಅದು ಗಾಳಿಯೊಡನೆ ಬೆರೆತು ಸಿಡಿಯಬಹುದು. ಹಿಂದೆ ತಿದಿಯಲ್ಲಿಯೂ ಈ ಭಯವಿದ್ದಿತು. ಆದರೆ ತಿದಿ ನಿಂತುದನ್ನು ಕೈಯೇ ತಿಳಿಯುತ್ತಿದ್ದಿತು. ತಂತಿಯ ಬೀಸಣಿಗೆ ನಿಂತಾಗ ಸ್ವಿಚ್ಚನ್ನು ಆರಿಸಬೇಕೆಂಬುದನ್ನು ಮನುಷ್ಯನು ನೆನಪಿನಲ್ಲಿಡಬೇಕು.

ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆಯಂತಹ ಕಡೆಯ ಬಾಯ್ಲರುಗಳನ್ನು ಗಮನಿಸಬಹುದು. ಕಬ್ಬಿನ ಸಿಪ್ಪೆಯನ್ನು ಉರಿಸುವ ಅಂತಹ ಒಲೆಗಳಲ್ಲಿ ಗಾಳಿಯನ್ನು ಒಳಕ್ಕೆ ನೂಕುವ ಬೀಸಣಿಗೆ ಒಂದು, ಹೊಗೆಯನ್ನು ಹೊರಕ್ಕೆ ಸೆಳೆಯುವ ಬೀಸಣಿಗೆ ಇನ್ನೊಂದು. ಎರಡನ್ನೂ ಒಂದರೊಡನೊಂದು ಬಂಧಿಸಿ ತಂತಿಯೆಳೆಯುವುದು ಬಾಯ್ಲರುಗಳಲ್ಲಿ ರೂಢಿಯಾದ ಪದ್ಧತಿ. ಸೆಳೆಯುವುದು ಮೊದಲು ಹೊರಡಬೇಕು, ನೂಕುವುದು ಆಮೇಲೆ; ಸೆಳೆಯುವುದು ನಿಂತರೆ ನೂಕುವುದೂ ತಾನಾಗಿ ನಿಲ್ಲಬೇಕು. ಇಲ್ಲದಿದ್ದರೆ ಜ್ವಾಲೆಯು ಒಲೆಯ ಬಾಯಿಂದ ಕೆಲಸಗಾರನ ಮೇಲೆ ನುಗ್ಗುತ್ತದೆ. ಮಣ್ಣಿನ ಗೋಡೆಯ ಆಚೆ ಈಚೆ ಇದ್ದ ಇಬ್ಬರು ಮನುಷ್ಯರು ಕೂಗಿನಿಂದಲೂ ಸನ್ನೆಯಿಂದಲೂ ಸಾಧಿಸುತ್ತಿದ್ದ ಹೊಂದಾಣಿಕೆಯನ್ನು ಇಲ್ಲಿ ತಂತಿಯು ಸಾಧಿಸುತ್ತದೆ.

ಅಡುಗೆಮನೆಯ ಒಲೆಯೂ ಈ ಕಥೆಯಿಂದ ಹೊರತಲ್ಲ. ಊದುಗೊಳವೆಯಿಂದ ಊದುತ್ತಿದ್ದ ಗೃಹಿಣಿಯ ಉಸಿರಿಗೆ ಬದಲಾಗಿ ಬ್ಯಾಟರಿಯ ಸಣ್ಣ ಬೀಸಣಿಗೆಯನ್ನು ಒಲೆಯಲ್ಲಿಯೇ ಅಡಕಮಾಡಿದ ‘ಊರ್ಜಾ’ ಒಲೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಅವರ ಸಂಗಡಿಗರು ರೂಪಿಸಿದರು. 2006ರಿಂದ ಅದು ಕರ್ನಾಟಕ ಮಹಾರಾಷ್ಟ್ರಗಳೇ ಮೊದಲಾದ ಕಡೆ ಮಾರಾಟವಾಗಿ, ಒಲೆಗಳ ಸಂಖ್ಯೆ 4 ಲಕ್ಷವನ್ನು ಮುಟ್ಟಿತು. ಬೀಸಣಿಗೆ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಅದಕ್ಕೆ ಬೇಕಾದ ಅಡಕಗುಳಿಗೆಯ ಸೌದೆಯ ಬೆಲೆ ಏರಿದಾಗ ಅನೇಕ ಮನೆಗಳಲ್ಲಿ ಒಲೆ ಮೂಲೆಗೆ ಸೇರಿತು. ಗಾಳಿಯ ಸಮಸ್ಯೆಯನ್ನು ಬಿಡಿಸಿದ ಮಾತ್ರಕ್ಕೆ ಬೆಂಕಿಯ ಸಮಸ್ಯೆ ಬಿಡಿಸಿದಂತಾಗಲಿಲ್ಲ.

7

ಈ ಬದಲಾವಣೆಯ ಫಲಾಫಲಗಳನ್ನು ಅಳೆಯುವಾಗ ಇತಿಹಾಸಕಾರನು ಎರಡು ತುದಿಗಳಿಗೂ ಹೋಗಬಾರದು. ತಿದಿಯು ಹೋದುದು ಸಂಸ್ಕೃತಿಯ ನಾಶವೆಂದು ಮರುಗುವವರು, ದಿನವಿಡೀ ಹೊಗೆಯಲ್ಲಿ ಕುಳಿತು ಅದನ್ನು ಒತ್ತಿದವರ ತೋಳನ್ನು ನೆನೆಯಬೇಕು. ಬೀಸಣಿಗೆಯು ಬಂದುದು ಬಿಡುಗಡೆಯೆಂದು ಕೊಂಡಾಡುವವರು, ಬಿಡುಗಡೆ ಹೊಂದಿದವರು ಮುಂದೆ ಏನಾದರೆಂಬುದನ್ನು ಕೇಳಬೇಕು. ತಿದಿಯೊತ್ತುತ್ತಿದ್ದ ಹುಡುಗನು ಶಾಲೆಗೆ ಹೋದುದಾದರೆ ಅದು ನಿಸ್ಸಂದೇಹವಾಗಿ ಲಾಭ. ತಿದಿಯೊತ್ತುತ್ತಿದ್ದ ಹೆಂಗಸು ಕುಲುಮೆಯಿಂದ ಕೂಲಿಗೆ ಹೋದುದಾದರೆ, ಅವಳ ಮೈಗೆ ವಿಶ್ರಾಂತಿ ದೊರೆಯಿತೆನ್ನಲಾಗದು. ಅವಳ ಪಾಲಿನ ಕಸುಬು ಮಾತ್ರ ಅವಳಿಂದ ದೂರವಾಯಿತು. ಇದನ್ನು ಅಂಕಿಅಂಶಗಳಿಂದ ಕಂಡುಹಿಡಿಯುವುದು ಸುಲಭವಲ್ಲ. 1961ರ ಜನಗಣತಿಯು ಗೃಹಕೈಗಾರಿಕೆಯೆಂಬ ಪ್ರತ್ಯೇಕ ವರ್ಗವನ್ನು ಏರ್ಪಡಿಸಿತು. 1971ರಲ್ಲಿ ಕೆಲಸಗಾರರ ವ್ಯಾಖ್ಯೆಯೇ ಬದಲಾದುದರಿಂದ, ಮನೆಗೆಲಸವನ್ನು ಮುಖ್ಯವೃತ್ತಿಯೆಂದು ಹೇಳಿಕೊಂಡ ಹೆಂಗಸರು ಲೆಕ್ಕದಿಂದ ಜಾರಿದರು. ಎಂದರೆ ಮೋಟಾರು ಬಂದು ಹೆಂಗಸರು ಕುಲುಮೆಯನ್ನು ಬಿಟ್ಟುದೂ, ಬಿಡದಿದ್ದರೂ ಎಣಿಕೆಯಿಂದ ಬಿಟ್ಟುಹೋದುದೂ ಒಂದೇ ಅಂಕಣದಲ್ಲಿ ಒಂದೇ ಇಳಿಕೆಯಾಗಿ ಕಾಣುತ್ತವೆ. ಇವೆರಡನ್ನು ಬೇರ್ಪಡಿಸದೆ ತೀರ್ಪು ಕೊಡುವುದು ಶಾಸ್ತ್ರೀಯವಾಗಲಾರದು.

ಇನ್ನೊಂದು ಪ್ರಶ್ನೆ ಇಂದಿಗೂ ಜೀವಂತವಾಗಿದೆ. ಜಗಲಿಯ ಕುಲುಮೆಯು ಮನೆಯೋ ಕಾರ್ಖಾನೆಯೋ? ತಿದಿಯ ಕಾಲದಲ್ಲಿ ಈ ಪ್ರಶ್ನೆಯೇ ಏಳಲಿಲ್ಲ; ಚರ್ಮಕ್ಕೆ ಮೀಟರಿರಲಿಲ್ಲ. ವಿದ್ಯುತ್ತಿನ ದರಪಟ್ಟಿಯಲ್ಲಿ ಗೃಹಬಳಕೆ ಬೇರೆ, ಕೈಗಾರಿಕೆ ಬೇರೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು 200 ಯೂನಿಟ್ಟಿನ ಮಿತಿಯೊಳಗೆ ಮನೆಯ ಬಳಕೆಗೆ ಉಚಿತ ವಿದ್ಯುತ್ತನ್ನು ಕೊಡುತ್ತದೆ. ಅದೇ ವರ್ಷ ಆರಂಭವಾದ ಕೇಂದ್ರದ ವಿಶ್ವಕರ್ಮ ಯೋಜನೆಯು ಕಮ್ಮಾರನೂ ಸೇರಿದಂತೆ 18 ಕಸುಬಿನವರಿಗೆ ಉಪಕರಣಗಳಿಗಾಗಿ 15,000 ರೂಪಾಯಿಯ ನೆರವನ್ನು ಕೊಡುತ್ತದೆ. ಒಂದು ಯೋಜನೆ ಅವನನ್ನು ಮನೆಯವನೆಂದು ಕಾಣುತ್ತದೆ, ಇನ್ನೊಂದು ಕಸುಬಿನವನೆಂದು. ಅವನ ಬೀಸಣಿಗೆಯ ತಂತಿಯು ಮಾತ್ರ ಮನೆಯ ದೀಪದ ತಂತಿಯಿಂದಲೇ ಕವಲೊಡೆದುದಾದರೆ, ಅದು ಯಾವ ಅಂಕಣಕ್ಕೆ ಸೇರಬೇಕು? ಸಾವಿರ ವರ್ಷ ಮನೆಯೂ ಕಸುಬೂ ಒಂದೇ ಸೂರಿನಡಿ ಇದ್ದುದರ ಇತಿಹಾಸವನ್ನು ತಿಳಿಯದೆ ಈ ಪ್ರಶ್ನೆಗೆ ನ್ಯಾಯವಾದ ಉತ್ತರ ದೊರೆಯದೆಂದು ನಮ್ಮ ಅಭಿಪ್ರಾಯ.

8

ಒಟ್ಟಿನಲ್ಲಿ ಹೇಳುವುದಾದರೆ, ನಂಜನಗೂಡು ನರಸೀಪುರಗಳ ಕುಲುಮೆಯ ಇತಿಹಾಸದಲ್ಲಿ ಮೂರು ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯದರಲ್ಲಿ ಗಾಳಿಯೂ ಅದರ ಹದವೂ ಮನುಷ್ಯನ ಕೈಯಲ್ಲಿದ್ದುವು. ಎರಡನೆಯದರಲ್ಲಿ ಕೈಚಕ್ರವು ಗಾಳಿಯನ್ನು ಸಮಗೊಳಿಸಿತು, ದುಡಿಮೆ ಉಳಿಯಿತು. ಮೂರನೆಯದರಲ್ಲಿ ದುಡಿಮೆಯು ತಂತಿಗೆ ಹೋಯಿತು, ಹದವು ಕಮ್ಮಾರನೊಬ್ಬನಿಗೇ ಉಳಿಯಿತು. ಈ ಕೊನೆಯ ಘಟ್ಟವು ವಿದ್ಯುತ್ತಿನ ಆಗಮನದೊಡನೆ ತಾನಾಗಿ ಒದಗಲಿಲ್ಲ. ಜಲಪಾತದ ಮಗ್ಗುಲಲ್ಲಿದ್ದೂ ಅದಕ್ಕಾಗಿ ಅರ್ಧಶತಮಾನಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಯಾವ ಊರಿನ ಕುಲುಮೆಗೆ ಯಾವ ವರ್ಷ ಮೊದಲ ಬೀಸಣಿಗೆ ಬಂದಿತು, ಅದನ್ನು ಜೋಡಿಸಿದವರಾರು, ಅಂದಿನವರೆಗೆ ತಿದಿಯೊತ್ತುತ್ತಿದ್ದವರು ಯಾರು ಎಂಬುದನ್ನು ಸರ್ಕಾರದ ಯಾವ ಕಡತವೂ ನಮಗೆ ಹೇಳದು. ಹೇಳಬಲ್ಲವರು ಆ ಮನೆಗಳಲ್ಲಿಯೇ ಇನ್ನೂ ಇದ್ದಾರೆ. ಅವರ ವಯಸ್ಸು ಮಾತ್ರ ಇಳಿಯುತ್ತಿದೆ. ಶಾಸನಗಳ ಪ್ರತಿಯೆತ್ತಲು ಹಳ್ಳಿಗಳಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು, ಕಲ್ಲಿನ ಹಾಳೆಯನ್ನು ಮಡಿಸಿಟ್ಟ ಮೇಲೆ ಹತ್ತಿರದ ಕುಲುಮೆಯ ಬಳಿ ಒಂದು ಗಳಿಗೆ ನಿಂತು, ಈ ಮೂರು ಪ್ರಶ್ನೆಗಳನ್ನು ಕೇಳಿ ಬರೆದುಕೊಂಡರೆ, ಮುಂದಿನ ಪೀಳಿಗೆಯ ಇತಿಹಾಸಕಾರರಿಗೆ ಅದು ತಾಮ್ರಶಾಸನದಷ್ಟೇ ಬೆಲೆಯುಳ್ಳ ಆಕರವಾಗುತ್ತದೆ.